ಗಿರಾಕಿಯೂ ರಸಿಕನೂ: ಮರದ ಕುಸುರಿಯನ್ನು ಕುರಿತು

ನಮ್ಮಲ್ಲಿ ಕೆಲವು ಕಲೆಗಳಿಗೆ ವಿಮರ್ಶೆಯುಂಟು; ಇನ್ನು ಕೆಲವಕ್ಕೆ ಬರಿಯ ಮೆಚ್ಚುಗೆಯುಂಟು. ಕವನ ಸಂಗ್ರಹವೊಂದು ಹೊರಬಂದರೆ ಅದರ ಬೆನ್ನಿಗೇ ವಿಮರ್ಶಕನೂ ಹೊರಡುತ್ತಾನೆ. ಸಂಗೀತ ಕಚೇರಿ ಮುಗಿಯುವ ಮೊದಲೇ ಪಕ್ಕದ ಕುರ್ಚಿಯವರು 'ಆಲಾಪನೆ ಚೆನ್ನಾಗಿತ್ತು, ಪಲ್ಲವಿ ಸ್ವಲ್ಪ ಎಳೆಯಿತು' ಎಂದು ತೀರ್ಪು ಕೊಟ್ಟುಬಿಟ್ಟಿರುತ್ತಾರೆ. ಆದರೆ ತೆಳುವಾದ ಹಲಗೆಯನ್ನು ಎಳೆಗರಗಸದಿಂದ ಕೊರೆದು ಮಾಡಿದ ನವಿಲೋ ಬಳ್ಳಿಯೋ ದೀಪದ ಗೂಡೋ ಎದುರಿಗೆ ಬಂದಾಗ ನಮ್ಮ ಬಾಯಿಂದ ಹೊರಡುವುದು ಎರಡೇ ಮಾತು. ಒಂದು, 'ಅಬ್ಬ, ಎಷ್ಟು ತಾಳ್ಮೆ!' ಇನ್ನೊಂದು, 'ಎಷ್ಟಕ್ಕೆ ಕೊಡುತ್ತೀರಿ?' ಮೊದಲನೆಯದು ಕನಿಕರ, ಎರಡನೆಯದು ವ್ಯಾಪಾರ. ವಿಮರ್ಶೆ ಇವೆರಡರಲ್ಲಿ ಯಾವುದೂ ಅಲ್ಲ. ಮರದ ಕುಸುರಿಗೆ ಗಿರಾಕಿಗಳಿದ್ದಾರೆ, ರಸಿಕರಿಲ್ಲ. ಆ ಕಲೆ ಇಂದು ಇರುವ ಸ್ಥಿತಿಗೆ ಹಣದ ಕೊರತೆಗಿಂತ ಈ ಕೊರತೆಯೇ ಹೆಚ್ಚಿನ ಕಾರಣವೆಂದು ನನ್ನ ಅಭಿಪ್ರಾಯ.

ಮೊದಲು ಕೆಲಸದ ಪರಿಚಯ ಬೇಕು. ಇಂಗ್ಲಿಷಿನಲ್ಲಿ ಫ್ರೆಟ್ ಸಾ ಎಂದು ಕರೆಯುವ ಈ ಗರಗಸ ಕಮಾನಿನಂಥ ಒಂದು ಚೌಕಟ್ಟು. ಅದಕ್ಕೆ ಬಿಗಿದಿರುವುದು ತಂತಿಯಷ್ಟು ಸಣ್ಣದಾದ ಅಲಗು. ಹಲ್ಲುಗಳು ಕೆಳಮುಖವಾಗಿರುತ್ತವೆ. ಹಲಗೆಯ ಮೇಲೆ ಚಿತ್ರವನ್ನು ಬರೆದೋ ಅಂಟಿಸಿಯೋ, ಅದರ ಗೆರೆಯ ಗುಂಟ ಕೊಯ್ಯುತ್ತ ಹೋಗುವುದು ಕೆಲಸ. ಸಾಮಾನ್ಯ ಬಡಗಿಯ ಗರಗಸ ಮರದ ಮೇಲೆ ಸಾಗುತ್ತದೆ. ಇಲ್ಲಿ ಗರಗಸ ಇದ್ದಲ್ಲೇ ಮೇಲಕ್ಕೂ ಕೆಳಕ್ಕೂ ಆಡುತ್ತಿರುತ್ತದೆ, ಸಾಗುವುದು, ತಿರುಗುವುದು ಮರ. ಚಿತ್ರದ ನಡುವೆ ಕಿಂಡಿ ಬೇಕಾದರೆ ಅಲ್ಲೊಂದು ಸಣ್ಣ ತೂತು ಕೊರೆದು, ಅಲಗಿನ ಒಂದು ತುದಿಯನ್ನು ಕಳಚಿ, ತೂತಿನೊಳಗೆ ಪೋಣಿಸಿ, ಮತ್ತೆ ಬಿಗಿದುಕೊಳ್ಳಬೇಕು. ಹತ್ತು ಕಿಂಡಿಗಳಿದ್ದರೆ ಹತ್ತು ಸಲ ಕಳಚುವುದು, ಹತ್ತು ಸಲ ಬಿಗಿಯುವುದು. ಮೋಟಾರು ಬಂದ ಮೇಲೆ ಇದೇ ಸ್ಕ್ರೋಲ್ ಸಾ ಎಂಬ ಯಂತ್ರವಾಯಿತು. ಯಂತ್ರ ಅಲಗನ್ನು ಆಡಿಸುತ್ತದೆ, ಅಷ್ಟೆ. ಮರವನ್ನು ತಿರುಗಿಸುವ ಕೈ ಮನುಷ್ಯನದೇ.

ಪಶ್ಚಿಮದಲ್ಲಿ ಈ ಸಣ್ಣ ಗರಗಸ ಬಹುಕಾಲ ಪೀಠೋಪಕರಣಗಳಿಗೆ ಬಣ್ಣಬಣ್ಣದ ಮರದ ಹೂವಲ್ಲಿ ಕೂರಿಸುವವರ ಆಯುಧವಾಗಿತ್ತು. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕಾಶೆಗಾರ ಭೂಪಟವನ್ನು ಹಲಗೆಗೆ ಅಂಟಿಸಿ, ದೇಶದೇಶಗಳ ಗಡಿಯ ಗುಂಟ ಕೊಯ್ದು, ಮಕ್ಕಳು ಜೋಡಿಸಿ ಕಲಿಯುವಂತೆ ಮಾಡಿದ. ಇಂದಿನ ಜಿಗ್‌ಸಾ ಆಟದ ಮೂಲ ಅದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇದು ಮನೆಮನೆಯ ಹವ್ಯಾಸವಾಯಿತು; ಗಡಿಯಾರದ ಗೂಡು, ಚಿತ್ರದ ಚೌಕಟ್ಟು, ಗೋಡೆಯ ಆವರಣಿಗೆಗಳ ನಮೂನೆಗಳನ್ನು ಅಚ್ಚುಹಾಕಿ ಹಂಚುವ ವಾರಪತ್ರಿಕೆಯೇ 1895ರಲ್ಲಿ ಹೊರಟಿತು.

ನಮ್ಮಲ್ಲಿ ಇದೇ ಗರಗಸ ಹವ್ಯಾಸವಾಗದೆ ಕಸುಬಾಯಿತು. ಮೈಸೂರಿನ ಬೀಟೆಮರದ ಕೆಲಸ, ಎಂದರೆ ಕಪ್ಪು ನೇರಿಳೆ ಬಣ್ಣದ ಬೀಟೆಯ ಹಲಗೆಯಲ್ಲಿ ಹಳ್ಳ ತೋಡಿ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸುವ ಇನ್‌ಲೇ ಕೆಲಸ, ಈ ಗರಗಸದ ಮೇಲೆಯೇ ನಿಂತಿದೆ. ಎಲೆಗೊಂದು ಮರ, ಹೂವಿಗೊಂದು ಮರ, ಆನೆಯ ಮೈಗೊಂದು ಮರ: ಚೂರುಗಳನ್ನು ಒಂದೊಂದಾಗಿ ಕೊಯ್ದು, ಜೋಡಿಸಿ, ಹಳ್ಳಕ್ಕೆ ಅಂಟಿಸಿ, ಉಪ್ಪುಕಾಗದದಿಂದ ಉಜ್ಜಿ, ಕಣ್ಣು ಮೂಗಿನಂಥ ಸಣ್ಣ ಗೆರೆಗಳನ್ನು ಕೊರೆದು ಕಪ್ಪು ತುಂಬಿ, ಕೊನೆಗೆ ಪಾಲಿಷ್ ಕೊಡುತ್ತಾರೆ. 1897ರಲ್ಲಿ ಆರಂಭವಾಗಿ 1912ರಲ್ಲಿ ಮುಗಿದ ಇಂದಿನ ಅರಮನೆಯಲ್ಲಿ ದಂತ ಕೂರಿಸಿದ ಬೀಟೆಯ ಬಾಗಿಲನ್ನು ನೋಡದ ಪ್ರವಾಸಿಯಿಲ್ಲ. ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಈ ವಿದ್ಯೆಯನ್ನು ಶಾಲೆಯ ಪಾಠವನ್ನಾಗಿ ಮಾಡಿತು. 2005-06ರ ಸಾಲಿನಲ್ಲಿ ಈ ಕೆಲಸಕ್ಕೆ ಭೌಗೋಳಿಕ ಗುರುತಿನ ಮುದ್ರೆಯೂ ದೊರೆಯಿತು. ಶಾಲೆ, ಮುದ್ರೆ, ಮಳಿಗೆ, ದಸರಾ ವಸ್ತುಪ್ರದರ್ಶನ ಎಲ್ಲವೂ ಉಂಟು. ಇಲ್ಲದ್ದು ಯಾವುದು?

ಈ ಪ್ರಶ್ನೆಯನ್ನು ಯೋಚಿಸುವಾಗ ನನಗೆ ನೆನಪಾಗುವುದು ಮರಗೆಲಸದ ಊರಲ್ಲ, ಸಂಗೀತದ ಊರು. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಡದಲ್ಲಿ, ರುದ್ರಪಟ್ಟಣವಿದೆ. ಊರು ಚಿಕ್ಕದು, ಅದು ನಾಡಿಗೆ ಕೊಟ್ಟ ವಿದ್ವಾಂಸರ ಪಟ್ಟಿ ದೊಡ್ಡದು. 1920ರಲ್ಲಿ ಅಲ್ಲಿ ಹುಟ್ಟಿ, 2011ರಲ್ಲಿ ಪದ್ಮಭೂಷಣ ಪಡೆದು, 2014ರಲ್ಲಿ ತೀರಿಕೊಂಡ ಆರ್. ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರೆಂದು ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಊರಿನಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಮಂದಿರವನ್ನೇ ಕಟ್ಟಿಸಿದ ಆರ್. ಕೆ. ಪದ್ಮನಾಭ ಇವರೆಲ್ಲ ಆ ಮಣ್ಣಿನವರು. ಇಷ್ಟು ಸಣ್ಣ ಊರಿನಲ್ಲಿ ಇಷ್ಟು ಸಂಗೀತ ಹೇಗೆ ಎಂದು ಕೇಳುವವರಿಗೆ ಕಾವೇರಿಯ ನೀರು ಎಂದು ಹೇಳಿಬಿಡುವುದು ಸುಲಭ. ನೀರು ಆ ನದಿಯ ದಡದ ಎಲ್ಲ ಊರುಗಳಿಗೂ ಒಂದೇ. ಹಾಡುವವರಿಗೆ ಮೊದಲು ಮನೆಯಲ್ಲಿ, ಜಗಲಿಯಲ್ಲಿ, ದೇವಸ್ಥಾನದಲ್ಲಿ ಕೇಳುವ ಕಿವಿಗಳು ಬೇಕು. ಶ್ರುತಿ ತಪ್ಪಿದರೆ ಹುಬ್ಬು ಗಂಟಿಕ್ಕುವ ಅಜ್ಜಿ, ತಾಳ ಎಡವಿದರೆ ತೊಡೆಯ ಮೇಲಿನ ಕೈ ನಿಲ್ಲಿಸುವ ಚಿಕ್ಕಪ್ಪ ಬೇಕು. ಇಂಥ ಕಿವಿಗಳು ನೆರೆಯದ ಕಡೆ ವಿದ್ವಾಂಸರ ಪರಂಪರೆ ಬೆಳೆಯುವುದಿಲ್ಲ.

ಈಗ ಅದೇ ಸಂಗೀತದ ಕೈಯಲ್ಲಿರುವ ವೀಣೆಯನ್ನು ನೋಡೋಣ. ಕೊಡದ ಮೇಲಿನ ಹಲಗೆಯ ಅಂಚಿನಲ್ಲಿ, ದಂಡಿಯ ಮೇಲೆ ಬಿಳಿಯ ಪಟ್ಟಿ, ಹೂವು, ಬಳ್ಳಿಗಳ ಕುಸುರಿಯಿರುತ್ತದೆ. ಹಿಂದೆ ದಂತವಿದ್ದಲ್ಲಿ ಈಗ ಪ್ಲಾಸ್ಟಿಕ್ ಬಂದಿದೆ. ಕಚೇರಿಯಲ್ಲಿ ಕುಳಿತ ನಾವು ಆ ವೀಣೆಯಿಂದ ಹೊರಟ ಸ್ವರದಲ್ಲಿ ಕೂದಲೆಳೆಯ ವ್ಯತ್ಯಾಸವನ್ನು ಗುರುತಿಸುತ್ತೇವೆ. ಅದೇ ವೀಣೆಯ ಮೈಮೇಲಿನ ಬಳ್ಳಿ ಬಳುಕಿದೆಯೋ ಮುರಿದಿದೆಯೋ ನೋಡುವುದಿಲ್ಲ. ಕಿವಿಗೆ ಶಿಕ್ಷಣ ಸಿಕ್ಕಿದೆ, ಕಣ್ಣಿಗೆ ಸಿಕ್ಕಿಲ್ಲ.

ಇದಕ್ಕೆ ಒಂದು ಕಾರಣ 'ಅಲಂಕಾರ' ಎಂಬ ಮಾತಿಗೆ ನಾವು ಕೊಟ್ಟುಕೊಂಡ ಅರ್ಥ. ಕನ್ನಡ ತರಗತಿಯಲ್ಲಿ ಅಲಂಕಾರ ಪ್ರಕರಣ ಬಂತೆಂದರೆ ವಿದ್ಯಾರ್ಥಿಗಳು ಅದನ್ನು ಒಡವೆ ಎಂದೇ ತಿಳಿಯುತ್ತಾರೆ: ಇದ್ದರೆ ಚೆಲುವು, ಇಲ್ಲದಿದ್ದರೂ ನಷ್ಟವಿಲ್ಲ. 'ಅಲಂಕಾರದ ವಸ್ತು' ಎಂದರೆ ಉಪಯೋಗಕ್ಕೆ ಬಾರದ ವಸ್ತುವೆಂದೇ ಬಳಕೆ. ಆದರೆ ಪದವನ್ನು ಬಿಡಿಸಿದರೆ ಬೇರೆ ಸಂಗತಿ ಹೊರಡುತ್ತದೆ. 'ಅಲಂ' ಎಂದರೆ ಸಾಕು ಎಂಬಷ್ಟು. ಅಲಂಕಾರವೆಂದರೆ ಸಾಕಾಗುವಂತೆ ಮಾಡುವುದು, ಪೂರ್ಣಗೊಳಿಸುವುದು. ಆನಂದ ಕುಮಾರಸ್ವಾಮಿ 1939ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಈ ಅರ್ಥವನ್ನು ಹಿಡಿದು ಕಲೆಯನ್ನೆಲ್ಲ ಚರ್ಚಿಸಿದ್ದಾರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತನ್ನ ಬಹುಭಾಗವನ್ನು ಅಲಂಕಾರಗಳಿಗೆ ಮೀಸಲಿಟ್ಟಿತು. ಅದು ಶೋಕಿಗಾಗಿ ಅಲ್ಲ. ಸಂಗೀತ ಕಲಿಯುವ ಹುಡುಗನಿಗೂ ಸರಳೆ ವರಸೆಗಳಾದ ಮೇಲೆ ಸಪ್ತತಾಳದ ಅಲಂಕಾರಗಳೇ ಪಾಠ. ಅಲ್ಲಿ ಅಲಂಕಾರವೆಂದರೆ ಸ್ವರವನ್ನು ತಾಳದ ಅಳತೆಗೆ ಕೂರಿಸುವ ಅಭ್ಯಾಸ. ಮೂರೂ ಕಡೆ ಮಾತು ಒಂದೇ, ಅರ್ಥವೂ ಒಂದೇ: ಸರಿಯಾಗಿ ಕೂರಿಸುವುದು. ಬೀಟೆಯ ಹಳ್ಳದಲ್ಲಿ ಹಲಸಿನ ಎಲೆಯನ್ನು ಕೂರಿಸುವವನು ಮಾಡುವುದೂ ಅಕ್ಷರಶಃ ಇದನ್ನೇ.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದು ಬಲವಾದದ್ದೇ. ಗರಗಸದವನು ಕೊಯ್ಯುವುದು ಬೇರೆಯವರು ಬರೆದ ಗೆರೆಯನ್ನು. ನಮೂನೆ ಅವನದಲ್ಲ, ಆದ್ದರಿಂದ ಅವನು ಕಲಾವಿದನಲ್ಲ, ಕುಶಲಕರ್ಮಿ ಮಾತ್ರ, ಎಂದು ಹೇಳುವವರುಂಟು. ಹಾಗಾದರೆ ತ್ಯಾಗರಾಜರ ಕೃತಿಯನ್ನು ಹಾಡುವವನು ಯಾರು? ಸಾಹಿತ್ಯ ಅವನದಲ್ಲ, ರಾಗ ಅವನದಲ್ಲ, ಪಾಠಾಂತರವೂ ಗುರುವಿನದು. ಆದರೂ ಅವನನ್ನು ಕಲಾವಿದನೆಂದು ಕರೆಯಲು ನಾವು ಹಿಂಜರಿಯುವುದಿಲ್ಲ. ಕೊಟ್ಟ ಗೆರೆಯೊಳಗೇ ಅವನಿಗೊಂದು ಸ್ವಾತಂತ್ರ್ಯವಿದೆ, ಅದನ್ನು ಮನೋಧರ್ಮ ಎನ್ನುತ್ತೇವೆ. ಮರದ ಕೆಲಸದಲ್ಲಿ ಮನೋಧರ್ಮ ಗೆರೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಮರದ ಆಯ್ಕೆಯಲ್ಲಿರುತ್ತದೆ. ಒಂದೇ ನಮೂನೆಯನ್ನು ಇಬ್ಬರಿಗೆ ಕೊಟ್ಟರೆ ಒಬ್ಬನ ಹೊಳೆ ಹರಿಯುತ್ತದೆ, ಇನ್ನೊಬ್ಬನ ಹೊಳೆ ನಿಂತಿರುತ್ತದೆ. ಮೊದಲನೆಯವನು ಹಲಗೆಯ ಗೆರೆಗಳು ನೀರಿನ ದಿಕ್ಕಿಗೆ ಬರುವಂತೆ ತಿರುಗಿಸಿ ಕೊಯ್ದಿರುತ್ತಾನೆ. ಎರಡನೆಯವನು ಮರ ಉಳಿಯಲೆಂದು ಸಿಕ್ಕ ಮೂಲೆಯಲ್ಲಿ ಕೊಯ್ದಿರುತ್ತಾನೆ.

ಹಾಗಿದ್ದರೆ ರಸಿಕನಾಗಬಯಸುವವನು ನೋಡಬೇಕಾದ್ದೇನು? ನನ್ನ ಕಣ್ಣಿಗೆ ನಾಲ್ಕು ಸಂಗತಿಗಳು ಮುಖ್ಯವಾಗಿ ಕಾಣುತ್ತವೆ.

ಮೊದಲನೆಯದು ಗೆರೆ. ನವಿಲಿನ ಕತ್ತಿನಂಥ ನೀಳವಾದ ಬಾಗು ಒಂದೇ ಉಸಿರಿನಲ್ಲಿ ಇಳಿಯಬೇಕು. ಅಲ್ಲಲ್ಲಿ ಸಣ್ಣ ಸಣ್ಣ ಮಟ್ಟಸಗಳು ಕಂಡರೆ ಕೈ ತಡೆದು ತಡೆದು ಸಾಗಿದೆಯೆಂದು ತಿಳಿಯಬೇಕು. ಎಲೆಯ ತುದಿಯಲ್ಲಿ ಅಲಗು ತಿರುಗುವ ಕಡೆ ಮೊನೆ ಮೊನೆಯಾಗಿಯೇ ಉಳಿದಿದೆಯೇ, ಉಂಡೆಯಾಗಿದೆಯೇ ನೋಡಬೇಕು. ಅವಸರದ ಕೆಲಸ ಮೊದಲು ಸಿಕ್ಕಿಬೀಳುವುದು ಇಂಥ ತುದಿಗಳಲ್ಲಿ.

ಎರಡನೆಯದು ಸಂದು. ಗರಗಸ ಎಷ್ಟೇ ಸಣ್ಣದಾದರೂ ತನ್ನ ದಪ್ಪದಷ್ಟು ಮರವನ್ನು ಹುಡಿಮಾಡಿ ತಿನ್ನುತ್ತದೆ. ಎರಡು ಬಣ್ಣದ ಹಲಗೆಗಳನ್ನು ಒಂದರ ಮೇಲೊಂದಿಟ್ಟು ಕೊಯ್ದರೆ ಒಂದರ ಚೂರು ಇನ್ನೊಂದರ ಕಿಂಡಿಗೆ ಸೇರುತ್ತದೆ, ಆದರೆ ಆ ದಪ್ಪದಷ್ಟು ಸಡಿಲ ಉಳಿಯುತ್ತದೆ. ಬಲ್ಲವರು ಹಲಗೆಯನ್ನು ಕೊಂಚ ಓರೆಯಾಗಿ ಹಿಡಿದು ಕೊಯ್ಯುತ್ತಾರೆ. ಆಗ ಮೇಲಿನ ಚೂರು ಬಿರಡೆಯಂತೆ ಇಳಿದು ಬಿಗಿಯುತ್ತದೆ. ಬಲ್ಲದವರು ಅಂಟಿಗೆ ಮರದ ಹುಡಿ ಕಲಸಿ ಸಂದು ಮುಚ್ಚುತ್ತಾರೆ. ಪಾಲಿಷ್ ಹೊಸದಾಗಿರುವಾಗ ಎರಡೂ ಒಂದೇ. ನಾಲ್ಕು ಬೇಸಗೆ, ನಾಲ್ಕು ಮಳೆಗಾಲ ಕಳೆದ ಮೇಲೆ ನಿಜ ಹೊರಗೆ ಬರುತ್ತದೆ.

ಮೂರನೆಯದು ಮರದ ಬಣ್ಣ. ಈ ಕಲೆಯ ಹೆಮ್ಮೆಯೆಂದರೆ ಬಣ್ಣ ಬಳಿಯದಿರುವುದು: ಹಲಸಿನ ಹಳದಿ, ತೇಗದ ಹೊಂಬಣ್ಣ, ಹೊನ್ನೆಯ ಕೆಂಪುಗಂದು, ಬೀಟೆಯ ಕಪ್ಪು. ಬಲ್ಲ ಕೈ ಇಂದಿನ ಬಣ್ಣವನ್ನು ಮಾತ್ರ ನೋಡಿ ಕೆಲಸ ಮಾಡುವುದಿಲ್ಲ. ಹಲಸು ವರ್ಷಗಳು ಕಳೆದಂತೆ ಮಾಗಿ ಕಂದಾಗುತ್ತದೆ. ಇಂದು ಹಳದಿಯಾಗಿ ಹೊಳೆಯುವ ಸೂರ್ಯ ನಮ್ಮ ಮಕ್ಕಳ ಕಾಲಕ್ಕೆ ಅಸ್ತಮಾನದ ಬಣ್ಣಕ್ಕೆ ಬರುತ್ತಾನೆ. ಅದನ್ನು ಮೊದಲೇ ಎಣಿಸಿದ ಚಿತ್ರ ಹಳತಾದಂತೆ ಚೆಲುವಾಗುತ್ತದೆ, ಎಣಿಸದ್ದು ಮಂಕಾಗುತ್ತದೆ.

ನಾಲ್ಕನೆಯದು ಖಾಲಿ. ಇದು ಕೂರಿಸುವ ಕೆಲಸಕ್ಕಿಂತ ಕಿಂಡಿಯ ಕೆಲಸಕ್ಕೆ, ಎಂದರೆ ಬರಿಯ ಕೊಯ್ತದಿಂದ ಮಾಡಿದ ದೀಪದ ಗೂಡು, ಬಾಗಿಲ ಮೇಲಿನ ಜಾಲರಿ, ಗೋಡೆಯ ಗಣಪತಿ ಇಂಥವಕ್ಕೆ ಹೆಚ್ಚಾಗಿ ಸಲ್ಲುತ್ತದೆ. ಇಲ್ಲಿ ತೆಗೆದುಹಾಕಿದ್ದೇ ಚಿತ್ರ. ಹಾಸನ ಜಿಲ್ಲೆಯವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಅವರು ಬೇಲೂರಿನ ಜಾಲಂಧ್ರಗಳನ್ನು ಕಂಡವರು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯಕ್ಕೆ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಸೇರಿದ ಆ ಕಲ್ಲಿನ ಪರದೆಗಳ ಮುಂದೆ ಒಳಗಿನಿಂದ ನಿಂತರೆ ಕಾಣುವುದು ಕಲ್ಲಲ್ಲ, ಬೆಳಕಿನ ತುಂಡುಗಳು. ಮರದ ಜಾಲರಿಯನ್ನೂ ಹೀಗೆಯೇ ಬೆಳಕಿಗೆ ಹಿಡಿದು ನೋಡಬೇಕು. ಕಿಂಡಿಗಳಿಗೇ ಒಂದು ಆಕಾರ, ಒಂದು ಲಯ ಇದ್ದರೆ ಕೆಲಸ ಗೆದ್ದಿತು. ಎಲ್ಲೆಲ್ಲಿ ಸುಲಭವೋ ಅಲ್ಲಲ್ಲಿ ತೂತು ಮಾಡಿದಂತೆ ಕಂಡರೆ ಅದು ಇಲಿ ಕಡಿದ ಹಲಗೆ, ಅಷ್ಟೇ.

ಈ ಕಣ್ಣಿನಿಂದ ನೋಡಿದಾಗ ನಮ್ಮ ಮಳಿಗೆಗಳಲ್ಲಿರುವ ಎಷ್ಟೋ ಚಿತ್ರಫಲಕಗಳನ್ನು ಮೆಚ್ಚುವುದು ಕಷ್ಟವಾಗುತ್ತದೆ. ಇದನ್ನು ದಾಕ್ಷಿಣ್ಯವಿಲ್ಲದೆ ಹೇಳಬೇಕು. ಸೂರ್ಯಾಸ್ತ, ತೆಂಗಿನ ಮರ, ದೋಣಿ, ಎತ್ತಿನ ಗಾಡಿ, ಬಿಂದಿಗೆ ಹೊತ್ತ ಹೆಣ್ಣು: ಕ್ಯಾಲೆಂಡರಿನಲ್ಲಿ ಕಂಡದ್ದನ್ನೇ ಮರದಲ್ಲಿ ಮತ್ತೆ ಕಾಣುತ್ತೇವೆ. ಮರ ಇಲ್ಲಿ ಬಣ್ಣದ ಚಿತ್ರದ ಅಣಕವಾಗಲು ಹೊರಟು ಸೋತಿದೆ. ದೂರಕ್ಕೆ ಸರಿಯುವ ಬೆಟ್ಟದ ಮಂಜು, ಕೆನ್ನೆಯ ನೆರಳು ಇವು ಕುಂಚಕ್ಕೆ ಸಾಧ್ಯ, ಗರಗಸಕ್ಕಲ್ಲ. ಗರಗಸದ ಗೆರೆ ಸ್ಪಷ್ಟ. ಒಂದು ಬಣ್ಣ ಮುಗಿದಲ್ಲಿ ಇನ್ನೊಂದು ಬಣ್ಣ ಮೊದಲಾಗುತ್ತದೆ, ನಡುವೆ ಕರಗುವಿಕೆಯಿಲ್ಲ. ಆದ್ದರಿಂದಲೇ ಬಳ್ಳಿ, ಹಂಸ, ಆನೆಯ ಸಾಲು, ಮಾವಿನಕಾಯಿಯ ಅಂಚುಗಳಂಥ ಹಳೆಯ ವಸ್ತುಗಳಲ್ಲಿ ಈ ಕಲೆ ಇಂದಿಗೂ ತಲೆಯೆತ್ತಿ ನಿಲ್ಲುತ್ತದೆ. ಹಳೆಯದೆಂಬ ಕಾರಣಕ್ಕೆ ನಾನು ಇವನ್ನು ಹೊಗಳುತ್ತಿಲ್ಲ. ನಾಳೆ ಯಾರಾದರೂ ಬಸ್ ನಿಲ್ದಾಣವನ್ನೋ ಸೈಕಲ್ಲನ್ನೋ ಗರಗಸಕ್ಕೆ ಒಗ್ಗುವ ಗೆರೆಯಲ್ಲಿ ಬರೆದರೆ ಅದೂ ಗೆಲ್ಲುತ್ತದೆ. ಬಿಳಿಯ ಪ್ಲಾಸ್ಟಿಕ್ಕಿನ ವಿಚಾರವೂ ಹೀಗೆಯೇ. 1972ರ ವನ್ಯಜೀವಿ ಕಾಯಿದೆಗೆ 1986ರಲ್ಲಿಯೂ 1991ರಲ್ಲಿಯೂ ಬಂದ ತಿದ್ದುಪಡಿಗಳಿಂದ ದಂತದ ವ್ಯಾಪಾರ ನಿಂತಿತು, ನಿಂತದ್ದು ನ್ಯಾಯ. ಆದರೆ ಅದರ ಜಾಗದಲ್ಲಿ ದಂತದ ವೇಷ ಹಾಕಿದ ಪ್ಲಾಸ್ಟಿಕ್ ಬರಬೇಕಾಗಿರಲಿಲ್ಲ. ತಿಳಿಬಣ್ಣದ ಮರವೊಂದು ತನ್ನ ಹೆಸರಿನಲ್ಲೇ ಬಂದಿದ್ದರೆ ಸಾಕಾಗಿತ್ತು.

ಈಗ ಲೇಸರ್ ಯಂತ್ರ ಬಂದಿದೆ. ನಗರದ ಮನೆಮನೆಯ ಹೆಸರಿನ ಫಲಕ, ಮದುವೆಯ ಕಾಣಿಕೆ, ಬೀಗದ ಕೈ ತೂಗುವ ಹಲಗೆ ಎಲ್ಲವನ್ನೂ ಅದು ಪ್ಲೈವುಡ್ಡಿನಲ್ಲೋ ಒತ್ತಿದ ಹುಡಿಯ ಹಲಗೆಯಲ್ಲೋ ನಿಮಿಷಗಳಲ್ಲಿ ಕೊಯ್ದುಕೊಡುತ್ತದೆ. ಇದನ್ನು ಶಪಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಅಗ್ಗವಾಗಿ ಅಚ್ಚುಕಟ್ಟಾದ ಹೆಸರಿನ ಫಲಕ ಬೇಕಾದವನಿಗೆ ಅದು ಒಳ್ಳೆಯ ಸೇವಕ. ನನ್ನ ತಕರಾರು ಯಂತ್ರದ ಮೇಲಲ್ಲ, ಎರಡನ್ನೂ ಒಂದೇ ಎಂದು ಕೊಳ್ಳುವ ನಮ್ಮ ಕಣ್ಣಿನ ಮೇಲೆ. ಲೇಸರ್ ಮರವನ್ನು ಸುಟ್ಟು ಕೊಯ್ಯುತ್ತದೆ, ಅಂಚು ಕರಕಲಾಗಿರುತ್ತದೆ. ಮರದ ಗೆರೆ ಎತ್ತ ಹರಿದಿದೆಯೆಂದು ಅದಕ್ಕೆ ತಿಳಿಯದು. ಈ ಇಷ್ಟನ್ನು ಬಲ್ಲ ಕೊಳ್ಳುವವರು ನೂರಕ್ಕೆ ಹತ್ತು ಮಂದಿ ಇದ್ದರೂ ಕೈಗೆಲಸದವನಿಗೆ ತನ್ನ ಬೆಲೆ ಹೇಳುವ ಧೈರ್ಯ ಬರುತ್ತದೆ. ಯಾರೂ ಬಲ್ಲದವರಾದರೆ ಒಳ್ಳೆಯ ಕೆಲಸಕ್ಕೂ ಕೆಟ್ಟ ಕೆಲಸಕ್ಕೂ ಒಂದೇ ದರ. ಆಗ ಒಳ್ಳೆಯವನು ಜಾಣನಾಗಿದ್ದರೆ ಕೆಟ್ಟ ಕೆಲಸವನ್ನೇ ಮಾಡುತ್ತಾನೆ, ಮಾನವಂತನಾಗಿದ್ದರೆ ಕಸುಬನ್ನೇ ಬಿಡುತ್ತಾನೆ.

ಇನ್ನೊಂದು ಸಂಗತಿ ಹೆಸರಿನದು. ಕುಶಲಕರ್ಮಿಗಳಿಗೆ 1965ರಿಂದ ರಾಷ್ಟ್ರಪ್ರಶಸ್ತಿಗಳುಂಟು. ಪ್ರಶಸ್ತಿ ಬಂದ ಕೆಲವರ ಹೆಸರು ನಾಲ್ಕು ದಿನ ಪತ್ರಿಕೆಯಲ್ಲಿರುತ್ತದೆ. ಆದರೆ ಮಳಿಗೆಯಲ್ಲಿ ಕೊಳ್ಳುವ ಫಲಕದ ಹಿಂದೆ ತಿರುಗಿಸಿ ನೋಡಿದರೆ ಬೆಲೆಯ ಚೀಟಿಯಿರುತ್ತದೆ, ಮಾಡಿದವನ ಹೆಸರನ್ನು ನಾನಂತೂ ಕಂಡಿಲ್ಲ. ಇದು ನಮ್ಮ ಸಂಪ್ರದಾಯವೇ ಹೀಗೆ, ಭಾರತೀಯ ಶಿಲ್ಪಿ ಹೆಸರು ಬಯಸಿದವನಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಅದೇ ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಅವರು ಒಮ್ಮೆ ಹೋಗಿಬರಲಿ. 1246ರ ಲಕ್ಷ್ಮೀನರಸಿಂಹ ದೇವಾಲಯದ ಗೋಡೆಯಲ್ಲಿ ಒಂದು ಕಡೆ ಬೈಚೋಜ, ಇನ್ನೊಂದು ಕಡೆ ಮಲ್ಲಿತಮ್ಮ ತಮ್ಮ ತಮ್ಮ ವಿಗ್ರಹಗಳ ಕೆಳಗೆ ಹೆಸರು ಕೊರೆದಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಹೆಸರು ಬಿಟ್ಟಿದ್ದಾರೆ. ಹೆಸರಿರುವುದರಿಂದಲೇ ಇಂದು ನಾವು ಇವನ ಕೈ ಹೀಗೆ, ಅವನ ಕೈ ಹಾಗೆ ಎಂದು ಹೋಲಿಸಿ ಮಾತನಾಡಬಲ್ಲೆವು. ಹೆಸರಿಲ್ಲದ ಕಡೆ ಹೋಲಿಕೆಯಿಲ್ಲ. ಹೋಲಿಕೆಯಿಲ್ಲದ ಕಡೆ ವಿಮರ್ಶೆಯೂ ಇಲ್ಲ.

ಕೊನೆಗೆ ಮರದ ಮಾತು. ಬೀಟೆ ಬಲು ನಿಧಾನವಾಗಿ ಬೆಳೆಯುವ ಮರ. ಅಜ್ಜ ನೆಟ್ಟದ್ದು ಮೊಮ್ಮಗನ ಕಾಲಕ್ಕೆ ಹಲಗೆಯಾದೀತು. 2017ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದು ಆ ಜಾತಿಯ ಮರಗಳೆಲ್ಲದರ ವ್ಯಾಪಾರಕ್ಕೆ ಕಟ್ಟು ಹಾಕಿತು. 2022ರಲ್ಲಿ, ಹತ್ತು ಕಿಲೋಗಿಂತ ಕಡಿಮೆ ತೂಕದ ಸಿದ್ಧವಸ್ತುಗಳು ಈ ಕಟ್ಟಿಗೆ ಒಳಪಡಬೇಕಾಗಿಲ್ಲವೆಂದು ಭಾರತದ ಕೋರಿಕೆಯ ಮೇಲೆ ಸಡಿಲಿಸಲಾಯಿತು. ಸಣ್ಣ ಕುಸುರಿ ವಸ್ತುಗಳಿಗೆ ದಾರಿ ತೆರೆದದ್ದು ಸಂತೋಷ. ಆದರೆ ಇಷ್ಟು ದುರ್ಲಭವಾದ ಮರದ ಮೇಲೆ ಯಾವ ಗೆರೆ ಬೀಳುತ್ತದೆ ಎಂಬ ಪ್ರಶ್ನೆ ಇದರಿಂದ ಇನ್ನೂ ಗಂಭೀರವಾಗುತ್ತದೆ. ಕೆಟ್ಟ ಪದ್ಯ ಬರೆದರೆ ಕಾಗದ ಹಾಳು. ಕೆಟ್ಟ ಚಿತ್ರಕ್ಕೆ ಬೀಟೆ ಕೊಯ್ದರೆ ಎರಡು ತಲೆಮಾರಿನ ನೆರಳು ಹಾಳು.

ಆದ್ದರಿಂದ ಸರ್ಕಾರ ಏನು ಮಾಡಬೇಕು ಎಂಬ ಪಟ್ಟಿಗೆ ನಾನು ಕೈಹಾಕುವುದಿಲ್ಲ. ಅಂಥ ಪಟ್ಟಿಗಳು ಸಾಕಷ್ಟಿವೆ. ನಾವು ಮಾಡಬಹುದಾದ್ದು ಸಣ್ಣದು. ಕೊಳ್ಳುವಾಗ ಫಲಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಸಂದು ನೋಡೋಣ. ಎಲೆಯ ಮೊನೆಯನ್ನು ಬೆರಳಿನಿಂದ ಮುಟ್ಟಿ ನೋಡೋಣ. ಇದು ಯಾವ ಮರ, ಮಾಡಿದವರು ಯಾರು ಎಂದು ಕೇಳೋಣ. ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಮುಂದಿನ ಸಲಕ್ಕೆ ತಿಳಿದುಕೊಂಡಿರಲಿ. ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲವೆನ್ನಲು ಸಂಕೋಚಪಡದಿರೋಣ. ಹಾಗೆ ಹೇಳಿಸಿಕೊಳ್ಳುವ ಗೌರವ ಆ ಕಲೆಗೂ ಸಲ್ಲಬೇಕು. ಸಾಪ್ತಾಹಿಕಗಳಲ್ಲಿ ಪುಸ್ತಕಕ್ಕೂ ಕಚೇರಿಗೂ ಜಾಗವಿರುವಂತೆ ವರ್ಷಕ್ಕೊಮ್ಮೆ, ದಸರಾ ವಸ್ತುಪ್ರದರ್ಶನದ ಹೊತ್ತಿಗಾದರೂ, ಮರದ ಕೆಲಸದ ಒಂದು ವಿಮರ್ಶೆ ಬರಲಿ: ಹೆಸರು ಹೇಳಿ ಹೊಗಳುವಂಥದು, ಕಾರಣ ಕೊಟ್ಟು ತೆಗಳುವಂಥದು. ರುದ್ರಪಟ್ಟಣದ ಜಗಲಿಗಳು ಸಂಗೀತಕ್ಕೆ ಮಾಡಿದ ಉಪಕಾರವನ್ನು ನಮ್ಮ ಬೈಠಕ್‌ಖಾನೆಗಳು ಮರಕ್ಕೆ ಮಾಡಲಾರವೆಂದು ಹೇಳಲು ಕಾರಣವಿಲ್ಲ.